ಗೋವಾದಿಂದ ಸುಣ್ಣಕಲ್ಲಿನ ಗುಹೆಗೆ: ಯಾಣ, ಕವಳಾ, ಬೇಲಂ, ಬೊರ್ರಾ, ಬಾರಾಟಾಂಗ್‌ಗಳಲ್ಲಿ ಯಾವುದು ಯಾರಿಗೆ?

ಗೋವಾದಲ್ಲಿ ಗುಹೆ ನೋಡಬೇಕು ಅಂದರೆ ಎಲ್ಲರೂ ಹರವಳೆ ಕಡೆ ಕೈ ತೋರಿಸುತ್ತಾರೆ. ಸಾಖಳಿ ಹತ್ತಿರದ ಆ ಗುಹೆಗಳನ್ನು ಸುತ್ತಲಿನವರು ಪಾಂಡವರ ಗುಹೆ ಅಂತಲೇ ಕರೆಯುತ್ತಾರೆ. ಫೋಂಡಾ ಪಕ್ಕದ ಖಾಂಡೇಪಾರ್‌ನಲ್ಲೂ ಅಂಥವೇ ಇವೆ. ಎರಡೂ ಕಡೆ ಹೋಗಿ ಬನ್ನಿ, ಚೆನ್ನಾಗಿವೆ. ಆದರೆ ಅವು ಮನುಷ್ಯರು ಉಳಿ ಹಿಡಿದು ಕೆಂಪು ಜಂಬಿಟ್ಟಿಗೆ ಕಲ್ಲಿನಲ್ಲಿ ಕಡಿದವು. ಮುಂಬೈಯವರ ಕನ್ಹೇರಿ, ಘಾರಾಪುರಿ (ಎಲಿಫೆಂಟಾ), ಪುಣೆಯವರ ಕಾರ್ಲಾ, ಭಾಜಾ ಕೂಡ ಕಡಿದವೇ. ಅಲ್ಲಿಯ ಕಲ್ಲು ಲಾವಾ ಆರಿ ಆದ ಕರಿ ಬಸಾಲ್ಟ್. ನೀರು ತಾನೇ ಕೊರೆದು, ತಾನೇ ಮತ್ತೆ ಕಟ್ಟಿದ ಸುಣ್ಣಕಲ್ಲಿನ ಗುಹೆ ಬೇಕಿದ್ದರೆ ನಾವು ರಾಜ್ಯದ ಗಡಿ ದಾಟಲೇಬೇಕು.

ಗೋವಾದ ಹಳೇ ಮನೆಗಳಿಗೂ ಇಗರ್ಜಿಗಳಿಗೂ ಬಳಿದ ಸುಣ್ಣ ಸಮುದ್ರದ ಚಿಪ್ಪು ಸುಟ್ಟು ಮಾಡಿದ್ದು. ಗಡಿ ಆಚೆ ನಮ್ಮ ಕರ್ನಾಟಕದ ಕರಾವಳಿಯಲ್ಲೂ ಚಿಪ್ಪಿನ ಸುಣ್ಣ ಹಳೆಯ ರೂಢಿ. ಸುಡಲು ಕೈಗೆ ಸಿಗುತ್ತಿದ್ದದ್ದು ಹೊಳೆ, ಸಮುದ್ರದ ಚಿಪ್ಪು. ಈ ನೆಲದಲ್ಲಿ ಸುಣ್ಣಕಲ್ಲು ಎಷ್ಟು ಅಪರೂಪ ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಗುರುತು ಬೇಡ.

ವಾಸ್ಕೋದ ನಮ್ಮ ಕನ್ನಡದವರಲ್ಲಿ ರಜೆ ಹತ್ತಿರ ಬಂದಾಗಲೆಲ್ಲ ಈ ಮಾತು ಬರುತ್ತದೆ: ಗುಹೆ ನೋಡೋಕೆ ಎಲ್ಲಿಗೆ ಹೋಗೋಣ? ಯಾವುದು ಎಲ್ಲಕ್ಕಿಂತ ದೊಡ್ಡದು ಅಂತ ಕೇಳುವವರೇ ಜಾಸ್ತಿ. ನನ್ನ ಪ್ರಕಾರ ಕೇಳಬೇಕಾದದ್ದು ಬೇರೆ. ನಿಮ್ಮ ಜೊತೆ ಯಾರು ಬರುತ್ತಾರೆ? ಯಾವ ತಿಂಗಳು ಹೊರಡುತ್ತೀರಿ? ಒಳಗೆ ಹೋದ ಮೇಲೆ ನಿಜವಾದ ಕತ್ತಲೆ ಬೇಕಾ, ಬೆಳಕಿರಬೇಕಾ? ಈ ಮೂರಕ್ಕೆ ಉತ್ತರ ಸಿಕ್ಕರೆ ಗುಹೆ ತಾನಾಗಿ ಗೊತ್ತಾಗುತ್ತದೆ.

ಒಳಗೆ ನಡೆಯುವುದೇನು

ಮಳೆನೀರು ಮಣ್ಣಿನೊಳಗೆ ಇಳಿಯುವಾಗ ಅಲ್ಲಿನ ಕಾರ್ಬನ್ ಡೈ ಆಕ್ಸೈಡ್ ಸೇರಿ ಸ್ವಲ್ಪ ಹುಳಿಯಾಗುತ್ತದೆ. ಆ ನೀರು ಸುಣ್ಣಕಲ್ಲಿನ ಬಿರುಕಿಗೆ ಇಳಿದು ಕಲ್ಲನ್ನು ನಿಧಾನಕ್ಕೆ ಕರಗಿಸುತ್ತದೆ. ಬಿರುಕು ಸಂದಾಗುತ್ತದೆ, ಸಂದು ಗವಿಯಾಗುತ್ತದೆ. ಕರಗಿದ ಸುಣ್ಣ ಹೊತ್ತ ಹನಿ ಗವಿಯ ಮಾಡಿಗೆ (ಚಾವಣಿಗೆ) ಬಂದು ನಿಂತಾಗ ಅದರಲ್ಲಿನ ಗ್ಯಾಸ್ ಗಾಳಿಗೆ ಹೋಗುತ್ತದೆ, ಸುಣ್ಣ ಅಲ್ಲೇ ಉಳಿಯುತ್ತದೆ. ಹಾಗೆ ಮೇಲಿಂದ ಕೆಳಗೆ ಇಳಿಯುವುದು ಸ್ಟ್ಯಾಲಕ್ಟೈಟ್, ಕೆಳಗೆ ಬಿದ್ದ ಹನಿಯಿಂದ ಮೇಲಕ್ಕೆ ಏಳುವುದು ಸ್ಟ್ಯಾಲಗ್ಮೈಟ್. ಊರಲ್ಲಿ ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದಲ್ವಾ, ಅದೂ ಇದೇ ಸುಣ್ಣ. ಗುಹೆಯಲ್ಲಿ ಬೆಂಕಿ ಇಲ್ಲ, ಅವಸರವೂ ಇಲ್ಲ. ವರ್ಷಕ್ಕೆ ಒಂದು ಮಿಲಿಮೀಟರಿನ ಹತ್ತರಲ್ಲೊಂದು ಪಾಲು ಬೆಳೆದರೂ ಬೆರಳುದ್ದ ಆಗಲು ಏಳೆಂಟು ನೂರು ವರ್ಷ ಬೇಕು.

ಇದು ಗೊತ್ತಿದ್ದರೆ ಒಂದು ಲಾಭ ಇದೆ. ಒಳಗೆ ಹೋದಾಗ ಹನಿ ಎಲ್ಲಿ ಬೀಳುತ್ತಿದೆ ಅಂತ ಹುಡುಕುತ್ತೀರಿ. ಹನಿ ಬೀಳುವ ಕಡೆ ಗುಹೆ ಇನ್ನೂ ಬೆಳೆಯುತ್ತಿದೆ.

ಯಾಣ: ಹತ್ತಿರ, ಬೆಳಕಿದೆ, ಮನೆಮಂದಿಗೆಲ್ಲ ಆಗುತ್ತದೆ

ಮಡಗಾಂವ್‌ನಲ್ಲಿ ಕೊಂಕಣ ರೈಲು ಹತ್ತಿ ಕುಮಟಾದಲ್ಲಿ ಇಳಿದರೆ ಅಲ್ಲಿಂದ ಸುಮಾರು 30 ಕಿಲೋಮೀಟರ್. ಕಾರಿನಲ್ಲಾದರೆ ಕಾರವಾರ, ಅಂಕೋಲಾ ದಾಟಿ ಘಟ್ಟದ ಬುಡಕ್ಕೆ ತಿರುಗಬೇಕು. ಹಸಿರು ಕಾಡಿನ ನಡುವೆ ಎರಡು ಕರಿ ಬಂಡೆಗಳು ದಿಢೀರನೆ ಎದ್ದು ನಿಂತಿವೆ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಕಲ್ಲು ಸುಣ್ಣಕಲ್ಲೇ, ಆದರೆ ಬಣ್ಣ ಕಪ್ಪು. ಭಸ್ಮಾಸುರ ಸುಟ್ಟು ಬೂದಿಯಾದ ಜಾಗ, ಅದಕ್ಕೇ ಇಲ್ಲಿ ಎಲ್ಲ ಕಪ್ಪು ಅಂತ ಸ್ಥಳದ ಕಥೆ. ಭೈರವೇಶ್ವರ ಬಂಡೆಯ ಒಳಗಿನ ಗವಿಯಲ್ಲಿ ಲಿಂಗ ಇದೆ, ಮೇಲಿಂದ ನೀರು ಅದರ ಮೇಲೆ ತೊಟ್ಟಿಕ್ಕುತ್ತದೆ. ಶಿವರಾತ್ರಿಗೆ ದೊಡ್ಡ ಜಾತ್ರೆ.

"ಸೊಕ್ಕಿದ್ದರೆ ಯಾಣ, ರೊಕ್ಕಿದ್ದರೆ ಗೋಕರ್ಣ" ಅಂತ ಹಳಬರು ಹೇಳುತ್ತಿದ್ದರು. ಆಗ ಕಾಡಿನಲ್ಲಿ ಮೈಲಿಗಟ್ಟಲೆ ನಡೆಯಬೇಕಿತ್ತು. ಈಗ ಗಾಡಿ ಹತ್ತಿರದವರೆಗೆ ಹೋಗುತ್ತದೆ. ಆಮೇಲೆ ಸ್ವಲ್ಪ ಕಾಡುದಾರಿ, ಕೊನೆಗೆ ಮೆಟ್ಟಿಲು. ಮೊಣಕಾಲು ನೋವಿರುವ ಅಮ್ಮಂದಿರೂ ಕೂತು ಎದ್ದು ಹತ್ತಿದ್ದನ್ನು ನೋಡಿದ್ದೇನೆ.

ಯಾಣದಲ್ಲಿ ಸಿಗದಿರುವುದು ಕತ್ತಲೆ. ಬಂಡೆ ಸೀಳಿದ ಸಂದಿನಲ್ಲಿ ನಡೆಯುತ್ತೀರಿ, ತಲೆ ಎತ್ತಿದರೆ ಆಕಾಶದ ಒಂದು ಪಟ್ಟಿ ಕಾಣುತ್ತದೆ. ಹಾಗಾಗಿ ಗುಹೆ ಅಂದರೆ ಭಯ ಪಡುವವರಿಗೆ, ಚಿಕ್ಕ ಮಕ್ಕಳಿಗೆ ಇದು ಒಳ್ಳೆಯ ಶುರು. ಬಂಡೆಯ ಮೇಲ್ಭಾಗದಲ್ಲಿ ಹೆಜ್ಜೇನು ಗೂಡುಗಳು ತೂಗುತ್ತಿರುತ್ತವೆ. ಕೂಗಾಡಬೇಡಿ, ಹೊಗೆ ಮಾಡಬೇಡಿ, ಮಕ್ಕಳು ಕಲ್ಲು ಎಸೆಯದ ಹಾಗೆ ನೋಡಿಕೊಳ್ಳಿ. ಹತ್ತಿರದ ವಿಭೂತಿ ಜಲಪಾತಕ್ಕೂ ಅದೇ ದಿನ ಹೋಗಿಬರಬಹುದು. ಮಳೆಗಾಲದಲ್ಲಿ ಮೆಟ್ಟಿಲು ಪಾಚಿಗಟ್ಟಿ ಜಾರುತ್ತದೆ, ಇಂಬಳದ (ಜಿಗಣೆಯ) ಕಾಟವೂ ಜಾಸ್ತಿ. ಅಕ್ಟೋಬರ್ ಕೊನೆಯಿಂದ ಜನವರಿ ಒಳ್ಳೆಯ ಕಾಲ. ಆಗ ಹಸಿರು ಇರುತ್ತದೆ, ಕಾಲು ಜಾರುವುದಿಲ್ಲ.

ಕವಳಾ: ಚಿಕ್ಕದು, ಕತ್ತಲೆ, ತೆವಳಬೇಕು

ಅನ್ಮೋಡ್ ಘಾಟ್ ಹತ್ತಿ ರಾಮನಗರ, ಜಗಲಬೇಟ ದಾಟಿದರೆ ದಾಂಡೇಲಿ. ಅಲ್ಲಿಂದ ಸುಮಾರು 25 ಕಿಲೋಮೀಟರ್ ಕಾಡಿನೊಳಗೆ ಕವಳಾ ಗುಹೆ. ಇದು ಕಾಳಿ ಹುಲಿ ಸಂರಕ್ಷಿತ ಪ್ರದೇಶ. 2007ರಲ್ಲಿ ದಾಂಡೇಲಿ-ಅಣಶಿ ಅನ್ನುವ ಹೆಸರಲ್ಲಿ ಶುರುವಾಗಿ 2015ರಲ್ಲಿ ಕಾಳಿ ಅಂತ ಹೆಸರು ಬದಲಾಯಿತು. ಹಾಗಾಗಿ ನಿಮ್ಮಿಷ್ಟಕ್ಕೆ ಗಾಡಿ ನುಗ್ಗಿಸುವಂತಿಲ್ಲ. ಗುಹೆ ತೆರೆದಿದೆಯಾ, ಯಾವ ವಾಹನಕ್ಕೆ ಅನುಮತಿ ಇದೆ ಅಂತ ಅರಣ್ಯ ಇಲಾಖೆಯಲ್ಲಿ ಮೊದಲೇ ಕೇಳಿಕೊಂಡು ಹೋಗಿ. ಸುಮ್ನೆ ಹೋಗಿ ಗೇಟಿನಿಂದ ವಾಪಸ್ ಬಂದವರು ಬೇಕಾದಷ್ಟು ಜನ ಇದ್ದಾರೆ.

ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು, ಆಮೇಲೆ ಗುಹೆಯ ಬಾಯಿ. ಒಳಗೆ ಸ್ವಲ್ಪ ದೂರ ಬಗ್ಗಿ ನಡೆಯಬೇಕು, ಮುಂದೆ ಮಂಡಿ ಊರಿ ತೆವಳಬೇಕು. ಬೆನ್ನಿಗೆ ಬ್ಯಾಗ್ ಇದ್ದರೆ ಅದು ಮಾಡಿಗೆ ತಾಗುತ್ತದೆ. ಮುಂದೆ ಹೋಗುವವರ ಚಪ್ಪಲಿಯ ಹಿಮ್ಮಡಿ ಬಿಟ್ಟರೆ ಟಾರ್ಚಿನ ಬೆಳಕಿಗೆ ಬೇರೇನೂ ಕಾಣುವುದಿಲ್ಲ. ಕೈಗೆ ತಣ್ಣನೆಯ ಮಣ್ಣು, ಮೂಗಿಗೆ ಬಾವಲಿ ಹಿಕ್ಕೆಯ ಘಾಟು. ಕೊನೆಗೆ ಎದ್ದು ನಿಲ್ಲುವಷ್ಟು ಜಾಗ ಸಿಕ್ಕಾಗ ಎದುರಿಗೆ ಲಿಂಗ. ಅದು ಸ್ಟ್ಯಾಲಗ್ಮೈಟ್, ಹನಿ ಹನಿಯಾಗಿ ನೆಲದಿಂದ ಎದ್ದದ್ದು. ಯಾರೂ ಕೆತ್ತಿಲ್ಲ, ಯಾರೂ ತಂದು ಇಟ್ಟಿಲ್ಲ. ಪೂಜೆಗೆ ಬರುವವರೂ, ಕಲ್ಲಿನ ಶಾಸ್ತ್ರ ಓದಿದವರೂ ಅಲ್ಲಿ ಒಂದೇ ಥರ ಸುಮ್ಮನಾಗುತ್ತಾರೆ.

ಯೌವನದ ಗುಂಪಿಗೆ, ಕಾಲೇಜು ಹುಡುಗರಿಗೆ ಕವಳಾ ಸರಿ. ಇಕ್ಕಟ್ಟಿನಲ್ಲಿ ಉಸಿರು ಕಟ್ಟಿದಂತಾಗುವವರಿಗೆ, ಅಸ್ತಮಾ ಇರುವವರಿಗೆ ಬೇಡ. ದಾಂಡೇಲಿ ಪ್ಯಾಕೇಜುಗಳಲ್ಲಿ ಇದರ ಜೊತೆ ಸಿಂಥೇರಿ ಬಂಡೆಯನ್ನೂ ಸೇರಿಸುತ್ತಾರೆ. ಅದು ಗ್ರಾನೈಟ್, ಸುಣ್ಣಕಲ್ಲಲ್ಲ. ನೋಡಲು ಸೊಗಸಾಗಿದೆ, ಹೋಗಿ.

ಬೇಲಂ: ಗುಹೆ ಅಂದರೆ ಇದು

ಗೋವಾದಿಂದ ದೂರ, ಒಳನಾಡಿನಲ್ಲಿದ್ದರೂ ಈ ಪಟ್ಟಿಯಿಂದ ಬೇಲಂ ಬಿಡಲು ನನಗೆ ಮನಸ್ಸಿಲ್ಲ. ಆಂಧ್ರದ ನಂದ್ಯಾಲ ಜಿಲ್ಲೆಯ ಕೊಲಿಮಿಗುಂಡ್ಲ ಹತ್ತಿರ, ಬಟಾಬಯಲಿನಲ್ಲಿ ಇದೆ. ಹೊರಗಿಂದ ನೋಡಿದರೆ ಬಾವಿಯಂಥ ಗುಂಡಿ, ಅಷ್ಟೇ. ಗುಡ್ಡ ಇಲ್ಲ, ಕಾಡಿಲ್ಲ. ಮೆಟ್ಟಿಲಿಳಿದರೆ ಕೆಳಗೆ ಊರಿಗೆ ಊರೇ ಹರಡಿಕೊಂಡಿದೆ.

ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1884ರಲ್ಲೇ ಇದನ್ನು ದಾಖಲಿಸಿದ್ದರು. ಆಮೇಲೆ ಸುಮಾರು ನೂರು ವರ್ಷ ಯಾರೂ ಕೇಳಲಿಲ್ಲ. 1982-83ರಲ್ಲಿ ಡೇನಿಯಲ್ ಗೆಬೌರ್ ನೇತೃತ್ವದ ಜರ್ಮನ್ ತಂಡ ಬಂದು ಒಳಗೆಲ್ಲ ಅಳೆದು ನಕ್ಷೆ ಮಾಡಿತು. ಒಟ್ಟು ಉದ್ದ 3,229 ಮೀಟರ್. ಅಷ್ಟಾದರೂ 1988ರವರೆಗೆ ಸುತ್ತಲಿನವರು ಕಸ ಹಾಕುತ್ತಿದ್ದದ್ದು ಇದೇ ಗುಂಡಿಗೆ. ಸ್ಥಳೀಯರೇ ಮುಂದೆ ನಿಂತು ಸರ್ಕಾರದ ಜೊತೆ ಸೇರಿ ಸ್ವಚ್ಛ ಮಾಡಿಸಿದರು. 2002ರಲ್ಲಿ ಆಂಧ್ರ ಪ್ರವಾಸೋದ್ಯಮ ನಿಗಮ ಜನರಿಗೆ ತೆರೆಯಿತು. ಕಸದ ಗುಂಡಿಯನ್ನು ಗುಹೆಯಾಗಿ ಉಳಿಸಿಕೊಂಡ ಆ ಊರವರ ಮೇಲೆ ನನಗೆ ಬಹಳ ಗೌರವ.

ಈಗ ಸುಮಾರು ಒಂದೂವರೆ ಕಿಲೋಮೀಟರ್ ನಡೆಯಲು ಬಿಡುತ್ತಾರೆ. ದಾರಿಗೆ ದೀಪ ಇದೆ, ಹೊರಗಿನ ಗಾಳಿಯನ್ನು ಒಳಗೆ ತಳ್ಳುವ ವ್ಯವಸ್ಥೆಯೂ ಇದೆ. ಆದರೂ ಒಳಗೆ ಸೆಕೆ. ಗುಹೆ ಅಂದರೆ ತಂಪು ಅಂದುಕೊಂಡು ಬಂದವರು ಅರ್ಧ ದಾರಿಯಲ್ಲೇ ಬೆವರಿ ಒದ್ದೆಯಾಗುತ್ತಾರೆ. ತೆಳು ಹತ್ತಿ ಬಟ್ಟೆ ಹಾಕಿಕೊಳ್ಳಿ, ನೀರು ಇಟ್ಟುಕೊಳ್ಳಿ.

ಒಳಗಿನ ಜಾಗಗಳಿಗೆ ತೆಲುಗು ಹೆಸರುಗಳು. ಕೋಟಿಲಿಂಗಾಲು ಅನ್ನುವಲ್ಲಿ ಲಿಂಗದಂಥ ಕಲ್ಲುಗಳು ಗುಂಪು ಗುಂಪಾಗಿವೆ. ಊಡಲಮರ್ರಿಯಲ್ಲಿ ಮಾಡಿನ ತುಂಬ ಆಲದ ಬಿಳಲು ಇಳಿಬಿಟ್ಟ ಹಾಗೆ ಕಲ್ಲು ಜೋತು ಬಿದ್ದಿದೆ. ಸಪ್ತಸ್ವರಾಲ ಗುಹೆಯಲ್ಲಿ ತಟ್ಟಿದರೆ ಕಲ್ಲು ನಾದ ಕೊಡುತ್ತದೆ. ಅದನ್ನು ಗೈಡ್ ತಟ್ಟಿ ಕೇಳಿಸಲಿ, ನಾವು ತಟ್ಟುವುದು ಬೇಡ. ಅತ್ಯಂತ ಆಳದ ಜಾಗ ಪಾತಾಳಗಂಗ, ನೆಲದಿಂದ 46 ಮೀಟರ್ ಕೆಳಗೆ. ಅಲ್ಲಿ ವರ್ಷವಿಡೀ ಹರಿಯುವ ಸಣ್ಣ ನೀರಿನ ಸೆಲೆಯೊಂದು ಕಲ್ಲಿನೊಳಗೆ ಮರೆಯಾಗುತ್ತದೆ. ಇಳಿಯುವ ದಾರಿ ಕಡಿದಾಗಿದೆ, ವಾಪಸ್ ಹತ್ತುವಾಗ ಏದುಸಿರು ಬರುತ್ತದೆ. ಹೃದಯದ ತೊಂದರೆ ಇರುವವರು ಅದೊಂದನ್ನು ಬಿಟ್ಟು ಉಳಿದದ್ದು ನೋಡಲಿ, ಅಷ್ಟೇ ಸಾಕು.

ಹೋಗುವ ದಾರಿ ನಮ್ಮವರಿಗೆ ಅನುಕೂಲವಾಗಿಯೇ ಇದೆ. ವಾಸ್ಕೋದಿಂದ ಹೊರಡುವ ಅಮರಾವತಿ ಎಕ್ಸ್‌ಪ್ರೆಸ್ ಹುಬ್ಬಳ್ಳಿ, ಗದಗ, ಬಳ್ಳಾರಿ, ಗುಂತಕಲ್ ಮೂಲಕ ನಂದ್ಯಾಲಕ್ಕೆ ಹೋಗುತ್ತದೆ. ಅಲ್ಲಿಂದ ಬನಗಾನಪಲ್ಲೆ ಮೇಲೆ ರಸ್ತೆ. ದಿನಾ ಇರುವ ರೈಲಲ್ಲ, ವಾರ ನೋಡಿಕೊಂಡು ಟಿಕೆಟ್ ಮಾಡಿಸಿ. ಮುಂಬೈ, ಪುಣೆಯವರಿಗೆ ಇನ್ನೂ ಸುಲಭ. ಕಲಬುರಗಿ, ರಾಯಚೂರು, ಗುಂತಕಲ್ ಮೂಲಕ ಚೆನ್ನೈಗೆ ಹೋಗುವ ಲೈನಿನಲ್ಲೇ ತಾಡಿಪತ್ರಿ ಇದೆ. ಅಲ್ಲಿಂದ ಗುಹೆಗೆ ಸುಮಾರು 30 ಕಿಲೋಮೀಟರ್. ಊರು ಬಳ್ಳಾರಿ, ಕೊಪ್ಪಳ, ಗದಗ ಕಡೆ ಇರುವವರು ಹಬ್ಬಕ್ಕೆ ಊರಿಗೆ ಹೋದಾಗಲೇ ಇದನ್ನು ಸೇರಿಸಿಕೊಳ್ಳಬಹುದು. ಏಪ್ರಿಲ್, ಮೇ ಮಾತ್ರ ಬೇಡವೇ ಬೇಡ. ಹೊರಗಿನ ಬಿಸಿಲಿಗೇ ಸಾಕಾಗಿ ಹೋಗುತ್ತದೆ.

ಬೊರ್ರಾ: ಭಾರೀ ಹಜಾರ, ಬಣ್ಣದ ದೀಪ

ವಿಶಾಖಪಟ್ಟಣದಿಂದ ಸುಮಾರು 90 ಕಿಲೋಮೀಟರ್, ಅರಕು ಕಣಿವೆಯ ದಾರಿಯಲ್ಲಿ, ಅನಂತಗಿರಿ ಬೆಟ್ಟದಲ್ಲಿದೆ. ಬೊರ್ರಾ ಗುಹಾಲು ಅಂತ ರೈಲು ಸ್ಟೇಷನ್ನೇ ಇದೆ. ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿಯಲ್ಲಿ ಸಾಲು ಸಾಲು ಸುರಂಗ ದಾಟಿ ಬೆಟ್ಟ ಹತ್ತುವುದು ಗುಹೆಯಷ್ಟೇ ಖುಷಿ ಕೊಡುತ್ತದೆ. ಕೆಳಗೆ ಗೋಸ್ತನಿ ನದಿ ಹರಿಯುತ್ತದೆ. ಗುಹೆ ಸುಮಾರು 80 ಮೀಟರ್ ಆಳಕ್ಕೆ ಇಳಿಯುತ್ತದೆ.

ಬೇಲಂ ಉದ್ದದ ಗುಹೆಯಾದರೆ ಬೊರ್ರಾ ಎತ್ತರದ ಗುಹೆ. ಬಾಯಿ ಅಷ್ಟು ದೊಡ್ಡದು, ಒಳಗೆ ಅಷ್ಟು ಎತ್ತರ. ಉಸಿರುಗಟ್ಟುವ ಭಯ ಯಾರಿಗೂ ಬರುವುದಿಲ್ಲ. ಮೆಟ್ಟಿಲು ಮಾತ್ರ ಜಾಸ್ತಿ, ಇಳಿದಷ್ಟು ಹತ್ತಬೇಕು. ನನಗೆ ಅಲ್ಲಿ ಹಿಡಿಸದ್ದು ಕೆಂಪು, ನೀಲಿ, ಹಸಿರು ದೀಪಗಳು. ಸುಣ್ಣದ ಬಿಳಿ, ಕಬ್ಬಿಣ ಸೇರಿದ ಕಂದು, ಹಳದಿ, ಇವೆಲ್ಲ ಕಲ್ಲಿನ ಸ್ವಂತ ಬಣ್ಣ. ಆ ದೀಪದಲ್ಲಿ ಅದು ಯಾವುದೂ ಕಾಣುವುದಿಲ್ಲ. ಗುಹೆಯಲ್ಲಿ ಸದಾ ಬೆಳಕಿದ್ದರೆ ಕಲ್ಲಿನ ಮೇಲೆ ಪಾಚಿಯೂ ಬೆಳೆಯುತ್ತದೆ. ಒಂದು ಸಣ್ಣ ಬಿಳಿ ಟಾರ್ಚ್ ಇಟ್ಟುಕೊಂಡು ದೀಪದಿಂದ ದೂರದ ಮೂಲೆ ನೋಡಿ. ತೆಳು ಕಲ್ಲಿನ ತುದಿಯಲ್ಲಿ ನಿಂತ ಹನಿ ಆ ಬೆಳಕಿಗೆ ಮೊದಲು ಉದ್ದವಾಗುತ್ತದೆ, ಒಂದು ಕ್ಷಣ ನಡುಗುತ್ತದೆ, ಆಮೇಲೆ ಬೀಳುತ್ತದೆ. ತುದಿಯಲ್ಲಿ ಉಳಿದ ತೇವ ಮತ್ತೆ ಮೆಲ್ಲಗೆ ದುಂಡಗಾಗಲು ಶುರು. ಮಕ್ಕಳಿಗೆ ಇದನ್ನು ತೋರಿಸಿ, ಪಾಠಕ್ಕಿಂತ ಚೆನ್ನಾಗಿ ತಲೆಗೆ ಹತ್ತುತ್ತದೆ.

ಹೊರಗೆ ಬಂದರೆ ಬಿದಿರಿನ ಒಳಗೆ ಬೇಯಿಸಿದ ಬೊಂಗು ಚಿಕನ್ ಸಿಗುತ್ತದೆ. ಗೋವಾದಿಂದ ಇದು ಬಹಳ ದೂರ, ಬರೀ ಗುಹೆಗೆ ಅಂತ ಹೋಗಬೇಡಿ. ವಿಶಾಖಪಟ್ಟಣದ ಕಡಲು, ಅರಕು, ಬೊರ್ರಾ ಸೇರಿಸಿ ನಾಲ್ಕೈದು ದಿನ ಇಟ್ಟುಕೊಂಡರೆ ಸಾರ್ಥಕ.

ಬಾರಾಟಾಂಗ್: ಕಡಲು, ಕಾಂಡ್ಲಾ ಕಾಡು, ಆಮೇಲೆ ಗುಹೆ

ಈ ಐದರಲ್ಲಿ ಕಡಲ ನಡುವಿನ ದ್ವೀಪದಲ್ಲಿರುವ ಸುಣ್ಣದ ಗುಹೆ ಅಂಡಮಾನಿನ ಇದೊಂದೇ. 2024ರಲ್ಲಿ ಶ್ರೀ ವಿಜಯಪುರಂ ಆದ ಪೋರ್ಟ್ ಬ್ಲೇರ್‌ನಿಂದ ಸುಮಾರು 100 ಕಿಲೋಮೀಟರ್. ಬೆಳಗಿನ ಜಾವ ಹೊರಟು ಜಿರ್ಕಾಟಾಂಗ್‌ನಲ್ಲಿ ಸಾಲಿಗೆ ನಿಲ್ಲಬೇಕು. ಅಲ್ಲಿಂದ ಜಾರವಾ ಬುಡಕಟ್ಟು ಜನರ ಮೀಸಲು ಕಾಡು. ಗಾಡಿಗಳು ಪೊಲೀಸ್ ಬೆಂಗಾವಲಿನಲ್ಲಿ ಒಟ್ಟಿಗೇ ಹೋಗುತ್ತವೆ. ನಡುವೆ ನಿಲ್ಲಿಸುವಂತಿಲ್ಲ, ಜಾರವಾ ಜನರ ಫೋಟೋ ತೆಗೆಯುವುದು ಕಾನೂನು ಪ್ರಕಾರ ಅಪರಾಧ. ಇದನ್ನು ಮನಸಾರೆ ಪಾಲಿಸುವವರು ಮಾತ್ರ ಆ ದಾರಿ ಹಿಡಿಯಲಿ. ಅವರ ಮನೆಯಂಗಳದಲ್ಲಿ ನಾವು ಹಾದು ಹೋಗುತ್ತಿರುತ್ತೇವೆ.

ಆಮೇಲೆ ವಾಹನ ಸಮೇತ ಫೆರಿ, ಅದರಾಚೆ ಸ್ಪೀಡ್ ಬೋಟ್. ಎರಡೂ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಬಾಗಿದ ಕಿರಿದಾದ ಹಿನ್ನೀರಿನಲ್ಲಿ ಬೋಟ್ ನುಗ್ಗುತ್ತದೆ. ಇಳಿದ ಮೇಲೆ ಕಾಡು, ಹೊಲದ ನಡುವೆ ಕಿಲೋಮೀಟರಿಗಿಂತ ಹೆಚ್ಚು ನಡಿಗೆ. ಗುಹೆಯಲ್ಲಿ ಕರೆಂಟ್ ಇಲ್ಲ, ಗೈಡ್ ಟಾರ್ಚ್ ಹಿಡಿದು ತೋರಿಸುತ್ತಾರೆ. ಗುಹೆ ಚಿಕ್ಕದು, ದಾರಿಯೇ ದೊಡ್ಡದು. ಅಂಡಮಾನಿಗೆ ಹೇಗೂ ಹೋಗುವವರು ಒಂದು ಪೂರ್ತಿ ದಿನ ಇದಕ್ಕೆ ಇಡಿ. ಬರೀ ಗುಹೆಗಾಗಿ ವಿಮಾನದ ದುಡ್ಡು ಕೊಡಬೇಕಾಗಿಲ್ಲ.

ಇನ್ನೂ ದೂರ ಹೋಗುವವರಿಗೆ

ಮೇಘಾಲಯ ಬಹಳ ದೂರ, ಆದರೆ ಗುಹೆಯ ಹುಚ್ಚಿದ್ದವರು ಒಂದಲ್ಲ ಒಂದು ದಿನ ಅಲ್ಲಿಗೆ ಹೋಗಲೇಬೇಕು. ಸೊಹ್ರಾ (ಚಿರಾಪುಂಜಿ) ಹತ್ತಿರದ ಮೌಸ್ಮಾಯಿಯಲ್ಲಿ ದೀಪ ಇದೆ, ಯಾರು ಬೇಕಾದರೂ ನೋಡಬಹುದು. ಅಲ್ಲಿಯದೇ ಮೌಮ್ಲು ಗುಹೆಯ ಒಂದು ಸ್ಟ್ಯಾಲಗ್ಮೈಟ್ ಆಧಾರದ ಮೇಲೆ 4,200 ವರ್ಷಗಳ ಹಿಂದೆ ಶುರುವಾದ ಕಾಲಕ್ಕೆ ಮೇಘಾಲಯನ್ ಅಂತ 2018ರಲ್ಲಿ ಭೂವಿಜ್ಞಾನಿಗಳು ಹೆಸರಿಟ್ಟರು. ವಿದೇಶ ಅಂದರೆ ಕೌಲಾಲಂಪುರ ಪಕ್ಕದ ಬಾಟು ಗುಹೆ ಸುಲಭ: 272 ಮೆಟ್ಟಿಲು, ಮೇಲೆ ಮುರುಗನ ಗುಡಿ. ಫಿಲಿಪೀನ್ಸಿನ ಪ್ಯುಯೆರ್ಟೊ ಪ್ರಿನ್ಸೆಸಾದಲ್ಲಿ ಸುಣ್ಣಕಲ್ಲಿನ ಬೆಟ್ಟದಡಿ 8.2 ಕಿಲೋಮೀಟರ್ ಹರಿದ ನದಿ ಸೀದಾ ಸಮುದ್ರಕ್ಕೆ ಬಂದು ಸೇರುತ್ತದೆ. 1999ರಿಂದ ಅದು ಯುನೆಸ್ಕೋ ಪಟ್ಟಿಯಲ್ಲಿದೆ.

ಮಳೆ, ಟಾರ್ಚು, ಕೈ

ಸುಣ್ಣದ ಗುಹೆ ನೀರಿನ ದಾರಿ. ಮಳೆ ಬಂದರೆ ನೀರು ತನ್ನ ದಾರಿಯಲ್ಲೇ ಬರುತ್ತದೆ, ಕೆಲವು ಸಲ ದೂರದ ಬೆಟ್ಟಕ್ಕೆ ಬಿದ್ದ ಮಳೆಯೂ ಸಾಕು. ಥಾಯ್ಲೆಂಡಿನ ಥಾಮ್ ಲುವಾಂಗ್‌ನಲ್ಲಿ 2018ರ ಜೂನ್ 23ರಂದು ಒಳಗೆ ಹೋದ 12 ಹುಡುಗರು ಮತ್ತು ಅವರ ಕೋಚ್ ಸಿಕ್ಕಿಬಿದ್ದದ್ದು ಹೀಗೆಯೇ. ಕೊನೆಯವರು ಹೊರಬಂದದ್ದು ಜುಲೈ 10ಕ್ಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೀಪ, ಕಾವಲು ಇಲ್ಲದ ಯಾವ ಗುಹೆಗೂ ಇಳಿಯಬೇಡಿ. ಸ್ಥಳದವರು ಬೇಡ ಅಂದರೆ ಮಾತೇ ಆಡದೆ ವಾಪಸ್ ಬನ್ನಿ.

ಮೊಬೈಲ್ ಟಾರ್ಚ್ ನಂಬಬೇಡಿ. ತಲೆಗೆ ಕಟ್ಟುವ ಟಾರ್ಚ್ ಇದ್ದರೆ ಎರಡೂ ಕೈ ಖಾಲಿ ಇರುತ್ತವೆ, ಜೇಬಿನಲ್ಲಿ ಇನ್ನೊಂದು ಇರಲಿ. ಹಿಡಿತ ಇರುವ ಶೂ ಹಾಕಿ, ಹವಾಯಿ ಚಪ್ಪಲಿ ಬೇಡ. ಬಾವಲಿ ಇರುವ ಕಡೆ ಮಾಸ್ಕ್ ಹಾಕಿ, ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಕಲ್ಲು ಮುಟ್ಟಬೇಡಿ. ಕೈಯ ಎಣ್ಣೆಯಂಶ ಅಂಟಿದ ಜಾಗದಲ್ಲಿ ಸುಣ್ಣ ಸರಿಯಾಗಿ ಕೂರುವುದಿಲ್ಲ, ಬೆಳವಣಿಗೆ ಅಲ್ಲಿಗೇ ಕೆಡುತ್ತದೆ. ತುಂಡು ಮುರಿದು ಮನೆಗೆ ತರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ.

ಹಾಗಾದರೆ ಯಾವುದು?

ಅಜ್ಜ ಅಜ್ಜಿ, ಮೊಮ್ಮಕ್ಕಳು ಎಲ್ಲ ಇದ್ದರೆ ಯಾಣ. ವಾರಾಂತ್ಯದ ಎರಡು ದಿನ, ಗಟ್ಟಿ ಕಾಲಿನ ಗೆಳೆಯರು ಅಂದರೆ ಕವಳಾ, ಅನುಮತಿ ಕೈಗೆ ಸಿಕ್ಕ ಮೇಲೆ. ಇಕ್ಕಟ್ಟಿಗೆ ಹೆದರುವವರು, ಬೆಟ್ಟದ ರೈಲು ಇಷ್ಟಪಡುವವರು ಬೊರ್ರಾಗೆ ಹೋಗಲಿ. ನೀರು ಕಲ್ಲಿಗೆ ಏನು ಮಾಡಬಲ್ಲದು ಅಂತ ನೋಡುವ ಆಸೆ ಇರುವವರಿಗೆ ಬೇಲಂಗಿಂತ ಒಳ್ಳೆಯದನ್ನು ನಾನು ಹೇಳಲಾರೆ. ಒಂದೇ ವರ್ಷದಲ್ಲಿ ಎರಡು ನೋಡಬಹುದು ಅನ್ನುವವರು ನವೆಂಬರಿನಲ್ಲಿ ಯಾಣಕ್ಕೆ ಹೋಗಿ, ಸಂಕ್ರಾಂತಿಗೆ ಊರಿಗೆ ಹೊರಟಾಗ ಬೇಲಂ ಇಟ್ಟುಕೊಳ್ಳಿ. ಆಗ ಅಲ್ಲಿ ಹೊರಗೆ ಬಿಸಿಲು ಕಡಿಮೆ. ಬೆಳಗ್ಗೆ ಬೇಗ ಒಳಗೆ ಹೋದರೆ ಶಾಲೆ ಬಸ್ಸುಗಳು ಬರುವ ಮೊದಲೇ ಪಾತಾಳಗಂಗ ನೋಡಿ ಮೇಲೆ ಬರಬಹುದು.